ಅರಗದೆ ಉಳಿದದ್ದು

ಬಾಗಿಲ ಪಕ್ಕ ತೂಗುವ ತೊಗಲ ಚೀಲಕ್ಕೆ
ಹೋಗುವವರು ಬರುವವರು ಒಂದೊಂದು ಏಟು ತಟ್ಟಲೇಬೇಕು.
ಉಚ್ಕುಲಾನಿನಲ್ಲಿ ಅದು ಶಾಸ್ತ್ರ:
ಒಳಗಿನ ಹಾಲಿಗೆ ನಿದ್ದೆ ಹತ್ತಬಾರದು.

ಅಜ್ಜಿ ಕೆರಿಮಾತ್ ತೆಗೆದುಕೊಟ್ಟ ಕೆಫೀರಿನ ಕಾಳನ್ನು,
ಹೂಕೋಸಿನ ಚೂರಿನಂಥದ್ದನ್ನು, ಅರೆದು
ಶಾಲೆಯಿಂದ ಕಡ ತಂದ ಸೂಕ್ಷ್ಮದರ್ಶಕದ ಕೆಳಗಿಟ್ಟೆ.

“ನೋಡಜ್ಜಿ, ಈ ಕಡ್ಡಿಗಳು ಬ್ಯಾಕ್ಟೀರಿಯಾ.
ಒಳಗೆ ಕೋಣೆಯಿಲ್ಲ, ಕೋಶಕೇಂದ್ರವಿಲ್ಲ,
ವಂಶದ ದಾರ ನಟ್ಟನಡುವೆ ಹಾಗೇ ಬಿದ್ದಿರುತ್ತದೆ.
ಈ ದುಂಡನೆಯದು ಯೀಸ್ಟ್.
ಇದರಲ್ಲಿ ದಾರಕ್ಕೊಂದು ಕೋಣೆ, ಕೋಣೆಗೆ ಪೊರೆ.
ಈ ಮಸೂರಕ್ಕೆ ಕಾಣದು, ಆದರೆ ಇದೆ.”

ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.

“ನಲವತ್ಮೂರರಲ್ಲಿ ರೈಲಿಗೆ ತುಂಬಿ ಒಯ್ದರಲ್ಲ,
ಕಝಾಕರ ಬಯಲು. ಒಂದೇ ಕೋಣೆ.
ಅದರಲ್ಲೇ ಒಲೆ, ಅದರಲ್ಲೇ ಹೆರಿಗೆ,
ಅದರಲ್ಲೇ ಅಪ್ಪನ ಹೆಣ, ಬೆಳಗಾಗುವ ತನಕ.
ನಡುಗೋಡೆ ಇಲ್ಲದೆಯೂ ಬದುಕು ನಡೆಯುತ್ತದೆ ಮಗಾ,
ಬೇಗ ಬೇಗ ನಡೆಯುತ್ತದೆ.”

ಕಾಲುಚೀಲದಲ್ಲಿ ಒಣಗಿಸಿ ಒಯ್ದಿದ್ದಳಂತೆ ಈ ಕಾಳುಗಳನ್ನು.

ನಾನು ಮೇಷ್ಟರು; ಪಾಠ ಬಿಡಲಿಲ್ಲ.
ಯೀಸ್ಟಿನೊಳಗೆ ಉರಿ ಕಾಯುವ ಮೈಟೋಕಾಂಡ್ರಿಯ
ಒಂದು ಕಾಲಕ್ಕೆ ಬ್ಯಾಕ್ಟೀರಿಯಾವೇ.
ಯಾರೋ ನುಂಗಿದರು, ಅರಗಲಿಲ್ಲ.
ಈಗಲೂ ಅದರ ಬಳಿ ಸ್ವಂತದ್ದೊಂದು ತುಂಡು ದಾರವಿದೆ.

“ನುಂಗಿದ್ದೋ, ಒಳಗೆ ಕರೆದದ್ದೋ?
ನೀನು ಕಂಡೆಯಾ?” ಅಂದಳು.
“ಆ ಕೋಣೆ ಬಾಲ್ಜಾನಳದು.
ಮೊದಲ ಚಳಿಗಾಲ ಒಲೆಯೂ ಅವಳದೇ.
ಎರಡನೆಯದಕ್ಕೆ, ಯಾರದೆಂದು ಯಾರೂ ಕೇಳಲಿಲ್ಲ.”

ಗಾಜಿನ ಮೇಲೆ ಹನಿ ಒಣಗುತ್ತಿತ್ತು.
ಅಜ್ಜಿ ಮೊಣಕಾಲು ಹಿಡಿದು ಎದ್ದಳು,
ಹಸುವಿನ ಕಡೆ ಹೊರಟವಳು
ಚೀಲಕ್ಕೊಂದು ತಟ್ಟಿದಳು.