ಎಡಗಣ್ಣಿನ ಕೆಂಪು

ಮೊದಲು ಹೋದದ್ದು ಕೆಂಪು.
ಅದೂ ಒಂದೇ ಕಣ್ಣಿನದು.
ಬಂದರಿನ ಕಟ್ಟೆಯಲ್ಲಿ ನಿಂತ ಅಂಚೆಯ ವ್ಯಾನು
ಬಲಗಣ್ಣಿಗೆ ಅಂಚೆಯ ವ್ಯಾನು,
ಎಡಗಣ್ಣಿಗೆ ಹತ್ತು ವರ್ಷ ಒಗೆದ ಅಂಗಿ.
ಒಂದು ಮುಚ್ಚಿ ಒಂದು ತೆರೆದು
ಮತ್ತೆ ಅದನ್ನು ಮುಚ್ಚಿ ಇದನ್ನು ತೆರೆದು
ನೋಡುತ್ತಲೇ ನಿಂತೆ.
ದೋಣಿಯ ಹಗ್ಗ ಬಿಚ್ಚುವುದು ನನ್ನ ಕೆಲಸ.
ಕ್ಯಾಪ್ಟನ್ ಎರಡು ಸಲ ಹಾರ್ನ್ ಹೊಡೆದ.

ತಿಂಗಳಾದ ಮೇಲೆ ವಾಪಸು ಬಂತು, ಬಹುಪಾಲು.
ಹೇಳದೆ ಹೋದದ್ದು ಹೇಳದೆ ಬಂತು,
ನಾನೂ ಯಾರಿಗೂ ಹೇಳಲಿಲ್ಲ.

ಎರಡು ಚಳಿಗಾಲ ಕಳೆದು
ಬೂಟಿನ ದಾರ ಕಟ್ಟಲು ತಲೆ ಬಗ್ಗಿಸಿದರೆ
ಕತ್ತಿನಿಂದ ಹಿಮ್ಮಡಿಗೆ ಝಳ್ಳೆಂದು ಏನೋ ಓಡಿತು.
ಎರ್ಲಂಡ್ ನಕ್ಕ:
"ಕಂಬ ಹತ್ತುವವನು ನಾನು,
ಕರೆಂಟು ನಿನಗೆ ಹೊಡೆಯಿತೇ?"

ಅಬರ್ಡೀನಿನ ಆಸ್ಪತ್ರೆಯ ಕೊಳವೆಯೊಳಗೆ
ಮುಕ್ಕಾಲು ಗಂಟೆ ಯಾರೋ ತಗಡು ಬಡಿದರು.
ಡಾಕ್ಟರು ಚಿತ್ರ ತೋರಿಸಿದರು.
ನನ್ನ ಮಿದುಳು, ಅದರಲ್ಲಿ ಬಿಳಿ ಚುಕ್ಕಿ,
ಏಳೋ ಎಂಟೋ, ಹಿಮ ಶುರುವಾದಾಗ
ಕಪ್ಪು ಕೋಟಿನ ತೋಳ ಮೇಲೆ ಕೂರುವಷ್ಟು.
"ಮಲ್ಟಿಪಲ್ ಸ್ಕ್ಲೆರೋಸಿಸ್" ಅಂದರು.
ಮೈ ಕಾಯಬೇಕಾದ ಕಣಗಳೇ
ನರದ ಹೊದಿಕೆ ಕಿತ್ತು ತಿನ್ನುತ್ತವಂತೆ.
ಬೇಲಿಯೇ ಎದ್ದು ಹೊಲ ಮೇಯುವುದು.
ನಮ್ಮ ವೆಸ್ಟ್ರೇಯಲ್ಲಿ ಬೇಲಿ ಕಲ್ಲಿನದು,
ಎದ್ದರೆ ಮೇಯುವುದಷ್ಟೇ ಅಲ್ಲ,
ಮೈಮೇಲೂ ಬೀಳುತ್ತದೆ.
"ನಿಮ್ಮ ದ್ವೀಪಗಳಲ್ಲಿ ಇದು ಜಾಸ್ತಿ.
ಯಾಕೆಂದು ಪೂರ್ತಿ ಗೊತ್ತಿಲ್ಲ."

ಮನೆಗೆ ಬಂದ ರಾತ್ರಿ ಅಡಿಗೆಮನೆ ಮೇಜಿನ ಮೇಲೆ
ಎರ್ಲಂಡ್ ಒಂದು ಮೊಳ ತಂತಿ ತಂದಿಟ್ಟು
ಚಾಕುವಿನಿಂದ ಅಲ್ಲಲ್ಲಿ ಸುಲಿದ.
"ಇಷ್ಟೇ, ಮೆರನ್. ಸುಲಿದಲ್ಲಿ ಸೋರುತ್ತದೆ."
ಬಿರುಗಾಳಿಯಲ್ಲಿ ಕಂಬ ತಬ್ಬಿ ಅಭ್ಯಾಸವಾದ ಕೈ
ಜೇಬಿನಲ್ಲಿ ಟೇಪಿನ ಸುರುಳಿ ಹುಡುಕುತ್ತಿತ್ತು.
ಅವನ ಮುಖ ನೋಡಿ ಸುಮ್ಮನಾದೆ.

ಈಗ ಹೇಳುತ್ತೇನೆ.
ತಂತಿಗೆ ದಣಿವಿಲ್ಲ.
ಮಧ್ಯಾಹ್ನ ಎರಡಕ್ಕೆ ತಂತಿಯ ಹೆಗಲಿಗೆ ಯಾರೂ
ಒದ್ದೆ ಉಣ್ಣೆಯ ಮೂಟೆ ಹೇರುವುದಿಲ್ಲ,
ಮಲಗಿ ಎದ್ದರೂ ಇಳಿಯದ ಮೂಟೆ.
ಬಿಸಿನೀರಿನ ತೊಟ್ಟಿಯಲ್ಲಿ ಕಾಲು ಕರಗಿಹೋಗಿ
ಏಳಲಾರದೆ ತಂತಿ ಗಂಡನನ್ನು ಕೂಗುವುದಿಲ್ಲ.
ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಯೆದುರು ತೂರಾಡಿದರೆ
"ಇಷ್ಟು ಬೇಗ ಶುರುವೇ?" ಎಂದು
ತಂತಿಯನ್ನು ಯಾರು ಕೇಳುತ್ತಾರೆ?
ಊರಲ್ಲಿ ಶೌಚಾಲಯ ಎಲ್ಲೆಲ್ಲಿದೆ, ಎಷ್ಟು ಹೆಜ್ಜೆ,
ಲೆಕ್ಕ ಇಡುವುದಿಲ್ಲ ತಂತಿ.
"ನೋಡಿದರೆ ಚೆನ್ನಾಗೇ ಇದ್ದೀಯಲ್ಲ" ಎಂದ ಥೋರಾಳಿಗೆ
ಥ್ಯಾಂಕ್ಸ್ ಹೇಳಿ ಮನೆಗೆ ಬಂದು
ತಟ್ಟೆ ಒಡೆಯುವುದೂ ಇಲ್ಲ.

(ತಟ್ಟೆ ಬೆರಳಿನಿಂದ ಜಾರಿತು ಅಂದೆ.
ಎರ್ಲಂಡ್ ನಂಬಿದ. ಬೆರಳೇ ಸಾಕ್ಷಿ.)

ಹಗ್ಗ ಈಗ ಬೇರೆಯವರ ಕೈಯಲ್ಲಿ.
ನಾನು ಕಿಟಕಿಯೊಳಗೆ ಕೂತು ಟಿಕೆಟ್ ಹರಿಯುತ್ತೇನೆ.
ವರ್ಷಕ್ಕೆರಡು ಸಲ ಕಿರ್ಕ್ವಾಲ್‌ಗೆ ಹೋಗಿ
ತೋಳಿಗೆ ಔಷಧಿಯ ಸೂಜಿ ಚುಚ್ಚಿಸಿಕೊಳ್ಳುತ್ತೇನೆ.
ಹೋದದ್ದನ್ನು ತರುವ ಔಷಧಿಯಲ್ಲ,
ಇರುವುದನ್ನು ಇರಲಿ ಬಿಡು ಎಂದು
ಬೇಲಿಗೆ ಬುದ್ಧಿ ಹೇಳುವ ಔಷಧಿ.

ಈ ಸಲ ಪಕ್ಕದ ಕುರ್ಚಿಯಲ್ಲಿ ಹೊಸ ಹುಡುಗ,
ಮ್ಯಾನ್ಸಿ, ಸ್ಯಾಂಡೇ ದ್ವೀಪದವನು.
ಇಪ್ಪತ್ತಮೂರು. ಬೂಟಿಗೆ ಸಗಣಿ ಮೆತ್ತಿಕೊಂಡೇ ಬಂದಿದ್ದ.
"ಮುಂದೆ ಏನಾಗುತ್ತದೆ?" ಎಂದು
ನನ್ನನ್ನಲ್ಲ, ಟ್ಯೂಬನ್ನು ಕೇಳಿದ.
ತಂತಿಯ ಮಾತು ನಾಲಿಗೆಯ ತುದಿಗೆ ಬಂತು.
ನುಂಗಿಕೊಂಡೆ.
ಬಾಗಿಲ ಬಳಿ ಬೆಂಕಿ ನಂದಿಸುವ ಸಿಲಿಂಡರು ನೇತಾಡುತ್ತಿತ್ತು.
"ಒಂದು ಕಣ್ಣು ಮುಚ್ಚಿ ಅದನ್ನು ನೋಡು."
ನೋಡಿದ. ಕಣ್ಣು ಬದಲಾಯಿಸಿದ. ಮತ್ತೆ ನೋಡಿದ.
"ಬಲಗಣ್ಣು" ಅಂದ, ಪಿಸುಮಾತಿನಲ್ಲಿ,
ಕದ್ದ ಮಾಲು ಎಲ್ಲಿಟ್ಟೆ ಎಂದು ಒಪ್ಪಿಕೊಳ್ಳುವವನ ಹಾಗೆ.
"ನನ್ನದು ಎಡ."

ಆಮೇಲೆ ಸುಮಾರು ಹೊತ್ತು
ಕುರಿಗಳ ವಿಷಯ ಮಾತಾಡಿದೆವು.
ಹನಿ ಇಳಿಯುತ್ತಿತ್ತು.
ದೋಣಿ ನಾಲ್ಕಕ್ಕೆ.