ಇಲ್ಲಿತ್ತು

ಟಾರ್ಟುವಿನ ಮೂರನೇ ಮಹಡಿಯಲ್ಲಿ ಟ್ರೀನು
ಬೆಳಗಿನಿಂದ ಒಂದೇ ವಾಕ್ಯ ತಿದ್ದುತ್ತಿದ್ದಾಳೆ.
'ಪುಟ ಸಿಗಲಿಲ್ಲ' ಅಂದರೆ ಸುಳ್ಳು.
ಸಿಗದಿರುವುದು ಬೇರೆ, ಕಿತ್ತುಹಾಕಿದ್ದು ಬೇರೆ.
'ಅಳಿಸಲಾಗಿದೆ'? ಕರ್ಮಣಿ ಪ್ರಯೋಗದ ಹಿಂದೆ
ಅಡಗಿ ಕೂತವರು ಯಾರು?
ಕೆಂಪು ಹಚ್ಚಿದರೆ ಬೈದ ಹಾಗೆ,
ಬೂದು ಹಚ್ಚಿದರೆ ಕಣ್ಣಿಗೇ ಬೀಳದು.
ಮೂವತ್ತು ದಿನ ಉಳಿಸೋಣ ಅಂದಳು.
ಏಳು ಸಾಕು, ಅಂದ ಉರ್ಮಾಸ್, ಜಾಗಕ್ಕೆ ದುಡ್ಡು ಬೀಳುತ್ತೆ.

ಮಧ್ಯಾಹ್ನ, ರಿಪೇರಿಗೆ ಕೊಟ್ಟ ಬೂಟು ತರಲು ಹೋದರೆ
ಅಂಗಡಿಗೆ ಬೀಗ.
ಗಾಜಿಗೆ ಒಳಗಿನಿಂದ ಅಂಟಿಸಿದ ರಟ್ಟು,
ಪೆನ್ಸಿಲ್ಲಿನ ಅಕ್ಷರ:

'ಎಲ್ಮಾರ್ ಮಂಗಳವಾರ ತೀರಿಕೊಂಡ.
ನಿಮ್ಮ ಬೂಟುಗಳು ಪಕ್ಕದ ಔಷಧದಂಗಡಿಯಲ್ಲಿವೆ.
ಹೊಲಿದವು ಎಡಕ್ಕೆ, ಹೊಲಿಯದವು ಬಲಕ್ಕೆ.
ಈಸ್ಟರ್ ತನಕ ಇಟ್ಟಿರುತ್ತೇನೆ.
ಅವನ ತಂಗಿ, ಹಿಲ್ಯಾ.'

ಎರಡು ಸಲ ಓದಿದಳು. ಕಾಲರಿನೊಳಗೆ ಹಿಮ ಕರಗುತ್ತಿತ್ತು.
ಏನು ಹೋಯಿತು, ಯಾವಾಗ, ನನ್ನದೆಲ್ಲಿದೆ,
ಎಲ್ಲಿಯತನಕ, ಹೇಳುತ್ತಿರುವವರು ಯಾರು,
ಎಲ್ಲ ಇದೆ.
'ಕ್ಷಮಿಸಿ' ಮಾತ್ರ ಇಲ್ಲ.

ಔಷಧದಂಗಡಿಯಲ್ಲಿ ಅವಳ ಜೋಡಿ
ಎಡಕ್ಕೂ ಇರಲಿಲ್ಲ, ಬಲಕ್ಕೂ ಇರಲಿಲ್ಲ.
ನಡುವೆ, ಹಾಸಿದ ಪತ್ರಿಕೆಯ ಮೇಲೆ:
ಒಂದು ಹೊಲಿದು ಮುಗಿದಿತ್ತು.
ಇನ್ನೊಂದರಲ್ಲಿ
ದಾರದ ಸಮೇತ ಸೂಜಿ.