ಎರವು

ಮೊದಲ ಹೆಸರು. ನಡುವಿನ ಹೆಸರು. ಕೊನೆಯ ಹೆಸರು.
ನನ್ನ ಹತ್ತಿರ ಇರುವುದು ಒಂದೇ, ಬೊಳ್ಳಿ.
ಉಳಿದ ಎರಡು ಚೌಕ ಖಾಲಿ ಬಿಟ್ಟರೆ
ಕೆಂಪಗೆ ಉರಿಯುತ್ತವೆ, ಮುಂದಿನ ಪುಟ ತೆರೆಯುವುದಿಲ್ಲ.
ಒಂದೊಂದು ಚುಕ್ಕಿ ಇಡು ಎನ್ನುತ್ತಾನೆ ಮೊಯ್ದು ಕಾಕ.
ಗೋಣಿಕೊಪ್ಪದ ಸಂತೆ ಬೀದಿಯಲ್ಲಿ ಹದಿನೆಂಟು ವರ್ಷ
ಆಧಾರ್, ಪಹಣಿ, ಜಾತಿ ಪತ್ರ ಎಂದು
ಊರವರ ಹೆಸರನ್ನೆಲ್ಲ ಒತ್ತಿ ಒತ್ತಿ
ಅಕ್ಷರ ಅಳಿದುಹೋದ ಅವನ ಕೀಲಿಮಣೆಯಲ್ಲಿ
ಚುಕ್ಕಿ ಮಾತ್ರ ಇನ್ನೂ ಕಾಣುತ್ತದೆ.

ಶಾಶ್ವತ ವಿಳಾಸ.
ಲೈನ್ ಮನೆ ನಾಲ್ಕು, ಕೇರಾಫ್ ತೋಟದ ಸಾಹುಕಾರರು.
ತೋಟ ಬಿಡಿಸಿದರೆ ಶಾಶ್ವತವೂ ಬದಲಾಗುತ್ತದೆ.
ಐದು ವರ್ಷದಲ್ಲಿ ನನಗೆ ಮೂರು ಶಾಶ್ವತ.

ಮಾತೃಭಾಷೆ. ಒತ್ತಿದರೆ ಉದ್ದ ಪಟ್ಟಿ ಬಿಚ್ಚಿಕೊಳ್ಳುತ್ತದೆ,
ಅದರಲ್ಲಿ ನಮ್ಮದಿಲ್ಲ. ಇತರೆ ಎಂದಿದೆ.
ಅವ್ವ ಬೈದದ್ದು, ಅಜ್ಜಿ ತಟ್ಟಿ ಮಲಗಿಸಿದ್ದು
ಎಲ್ಲ ಇತರೆಯಲ್ಲಿ.

ಪಂಗಡ: ಎರವ.
ಮನೆಯೊಳಗೆ ನಾವು ರವುಲ.
ಹೊರಗಿನವರು ಇಟ್ಟ ಹೆಸರೇ ಪಟ್ಟಿಯಲ್ಲಿರುವುದು,
ಪಟ್ಟಿಯಲ್ಲಿದ್ದರೇ ಅರ್ಜಿ.
ಎರವು ಎಂದರೆ ಸಾಲ, ತಿರುಗಿ ಕೊಡಬೇಕಾದ್ದು
ಎಂದು ಕಾಲೇಜಿನಲ್ಲಿ ಕನ್ನಡ ಮೇಷ್ಟರು ವಿವರಿಸಿದಾಗ
ಇಡೀ ತರಗತಿ ನನ್ನ ಕಡೆ ತಿರುಗಿತ್ತು,
ನಾನೇನೋ ವಾಪಸು ಕೊಡಲು ಮರೆತವಳ ಹಾಗೆ.

ಫೆಲೋಶಿಪ್ ಅಂದರೆ ಏನೆಂದು ಅಜ್ಜಿ ಕೆಂಬಿ ಕೇಳಿದ್ದಳು.
ವರ್ಷವಿಡೀ ತಿಂಗಳಿಗಿಷ್ಟು ಕೊಡುತ್ತಾರೆ,
ಲೈನ್ ಮನೆಗಳಲ್ಲಿ ಓಟಿನ ಚೀಟಿ ಇಲ್ಲದವರ, ರೇಷನ್ ಇಲ್ಲದವರ,
ಸತ್ತರೆ ಹೂಳಲು ಜಾಗ ಇಲ್ಲದವರ ಲೆಕ್ಕ ಬರೆದು
ಕಚೇರಿ ಹತ್ತಬೇಕು ಅಂದೆ.
ತೀರಿಸುವುದು ಯಾವಾಗ?
ತೀರಿಸುವುದಿಲ್ಲ ಅಜ್ಜಿ.
ಅವಳು ನಂಬಲಿಲ್ಲ. ಅವಳ ಕಾಲದಲ್ಲಿ
ವೀಳ್ಯದೆಲೆಯ ಮೇಲಿಟ್ಟ ಬೆಳ್ಳಿ ರೂಪಾಯಿ ಒಂದಕ್ಕೆ
ಗಂಡ ಹೆಂಡಿರಿಬ್ಬರೂ ಒಂದು ವರ್ಷ.
ಹೆಬ್ಬೆಟ್ಟು ಒತ್ತುವ ಮೊದಲು
ಎಲೆಯ ಕೆಳಗೂ ನೋಡು ಎಂದಳು.

ನೋಡಿದೆ. ಕೆಳಗೆ ಸಣ್ಣಕ್ಷರದಲ್ಲಿ:
ಮೂರು ತಿಂಗಳಿಗೊಮ್ಮೆ ವರದಿ, ಫೋಟೋ ಸಮೇತ.

ಹೋದ ಸಲದ ಉತ್ತರ ಫೋನಿನಲ್ಲಿ ಇನ್ನೂ ಇದೆ.
ನಿಮ್ಮ ಅರ್ಜಿ ನಮ್ಮ ಮನ ಕಲಕಿತು, ವಿಷಾದಿಸುತ್ತೇವೆ.
ಅದರ ಹಿಂದಿನ ಸಲದವರು ಉತ್ತರಿಸಲೇ ಇಲ್ಲ,
ಅವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ.

ಕೊನೆಯ ಪ್ರಶ್ನೆ: ನಿಮ್ಮನ್ನು ರೂಪಿಸಿದ ಕಷ್ಟ.
ಇನ್ನೂರೈವತ್ತು ಪದ ಮೀರಬಾರದು.
ಬರೆದದ್ದು ಇನ್ನೂರ ಅರವತ್ತೊಂದು.
ಆರಕ್ಕೆ ಅರ್ಜಿ ಮುಚ್ಚುತ್ತದೆ, ಆರೂಕಾಲಕ್ಕೆ ಕೊನೆಯ ಬಸ್ಸು.

ಅತ್ಯಂತ ಹೋಯಿತು. ತುಂಬ ಹೋಯಿತು.
ಹಿಂದುಳಿದ, ಅದನ್ನು ತೆಗೆಯುವಾಗ ಬೆರಳಿಗೆ ಹಿತವೆನಿಸಿತು.
ಮುಗ್ಧ ಎಂದು ಯಾಕೆ ಬರೆದಿದ್ದೆನೋ.
ಸಬಲೀಕರಣ ಮೂರು ಕಡೆ ಇತ್ತು, ಮೂರೂ.
ಇನ್ನು ನಾಲ್ಕು.

ಅಪ್ಪನನ್ನು ಆನೆ ತುಳಿದು ಕೊಂದಿತು.

ಮೊಯ್ದು ಕಾಕ ಹಿಂದೆ ನಿಂತು ಓದಿದ.
ಬೇಡ ಮೋಳೇ, ಬೇರೆ ಏನಾದರೂ ತೆಗಿ,
ಇದನ್ನು ಓದಿಯೇ ಅವರು ಕೊಡುವುದು.
ಗೊತ್ತು ಕಾಕಾ.
ಅದಕ್ಕೇ.
ಅಪ್ಪ ಮೆಣಸಿನ ಬಳ್ಳಿಗೆ ಏಣಿ ಹಾಕಿ
ಮೇಲಿನ ಮೆಟ್ಟಿಲಲ್ಲಿ ನಿಂತು ಶಿಳ್ಳೆ ಹೊಡೆಯುತ್ತಿದ್ದ,
ಕೆಳಗೆ ಅವ್ವ ನಗುತ್ತಿದ್ದಳು. ಅದಕ್ಕೆ ಇಲ್ಲಿ ಚೌಕವಿಲ್ಲ.

ಕೊನೆಯಿಂದ ಹಿಂದಕ್ಕೆ ಒಂದೊಂದೇ ಅಳಿಸಿದೆ.
ಕೊಂದಿತು ಹೋಯಿತು, ತುಳಿದು ಹೋಯಿತು.
ಅಪ್ಪನನ್ನು, ಆನೆ ಎಂಬ ಎರಡೇ ಉಳಿದು
ಪರದೆಯ ಮೇಲೆ ಒಂದು ಗಳಿಗೆ
ಒಂದನ್ನೊಂದು ನೋಡುತ್ತ ನಿಂತವು.

ಕಳಿಸಿದೆ. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು.
ಪ್ರಿಂಟಿನ ಹನ್ನೆರಡು ರೂಪಾಯಿ ಆಮೇಲೆ ಕೊಡು ಎಂದ.
ಬೇಡ, ಇವತ್ತೇ, ಎಂದು ಚಿಲ್ಲರೆ ಎಣಿಸಿಟ್ಟೆ.

ತಿತಿಮತಿಯ ಆಚೆ ಬಸ್ಸಿಳಿದು ನಡೆವಾಗ
ಎರಡನೇ ತಿರುವಿನಲ್ಲಿ ಲದ್ದಿ, ಹಬೆ ಇನ್ನೂ ಆರಿಲ್ಲ.
ಮೊಬೈಲಿನ ಬೆಳಕು ಆರಿಸಿ
ಬೇಲಿಗೆ ಬೆನ್ನು ಕೊಟ್ಟು ನಿಂತೆ.
ಬಿದಿರು ಮುರಿಯುವ ಸದ್ದು ಹತ್ತಿರವೇ ಇತ್ತು.
ನಾನು ಕೈಬಿಟ್ಟ ನಾಲ್ಕು ಪದ
ಮೊದಲು ದಾಟಿಕೊಳ್ಳಲಿ ಎಂದು ಕಾದೆ.